ಬ್ರೇಕಮ್ಮನ ಕೊಲೆ ಊಟ

ನಮ್ಮ ಅತ್ತಿಗೆಯ ಕಾಲು ಅವಳ ಮಾತು ಕೇಳುವುದಿಲ್ಲ. ಯಾರ ಗಾಡಿಯಲ್ಲಿ ಕೂರಿಸಿ, ಹಿಂದಿನ ಸೀಟಿನಲ್ಲೇ ಕೂರಿಸಿ, ಮುಂದೆ ಒಂದು ನಾಯಿ ಅಡ್ಡ ಬಂದರೆ ಸಾಕು, ಆ ಕಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಸಿನಿಮಾಕ್ಕೆ ಹೋದರೂ ಅದೇ ಕಥೆ. ಪರದೆಯ ಮೇಲೆ ಕಾರು ಸ್ವಲ್ಪ ಜೋರಾಗಿ ಹೋದರೆ ಮುಂದೆ ಕೂತವನ ಬೆನ್ನಿಗೆ ಇವಳ ಒದೆ ಬೀಳುತ್ತದೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಕೆಲಸ ಅವಳದು. ಕಲಿಯುವವರ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದಲ್ಲ, ಅದರ ಮೇಲೆ ಕಾಲಿಟ್ಟುಕೊಂಡೇ ಅರ್ಧ ಆಯಸ್ಸು ಕಳೆದಿದ್ದಾಳೆ. ಅದಕ್ಕೇ ಮನೆಮಂದಿಯೆಲ್ಲ ಅವಳನ್ನು ಬ್ರೇಕಮ್ಮ ಅನ್ನುವುದು. ಅಣ್ಣನ ಹೆಂಡತಿಯಾದರೂ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಹಾಗಾಗಿ ನನ್ನದು ಏಕವಚನ. ಅವಳೇನು ಕಮ್ಮಿಯಿಲ್ಲ, ನನ್ನನ್ನು ಇಸ್ತ್ರಿಪೆಟ್ಟಿಗೆ ಎನ್ನುತ್ತಾಳೆ. ನಾನು ಲಾಂಡ್ರಿ ಅಂಗಡಿ ಇಟ್ಟುಕೊಂಡಿದ್ದೇನೆ, ಜೊತೆಗೆ ಬಹಳ ಬೇಗ ಬಿಸಿಯಾಗುತ್ತೇನಂತೆ.

ಅವಳ ಊಟದ ಕೋಣೆಗೆ ಅಂಟಿಕೊಂಡಂತೆ ಇನ್ನೊಂದು ಸಣ್ಣ ಕೋಣೆಯಿದೆ. ಅದರ ತುಂಬ ಕೂತಿರುವುದು ಹಳೇ ಕಾಲದ ಕಾರ್ ರೇಸಿನ ವಿಡಿಯೋ ಗೇಮು. ಅಕ್ಕಪಕ್ಕ ಎರಡು ಸೀಟು, ಎರಡು ಸ್ಟೀರಿಂಗು, ಕಾಲ ಬಳಿ ಪೆಡಲು, ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ ಎರಡು ದೊಡ್ಡ ಪರದೆ. ಸಿನಿಮಾ ಮಂದಿರದ ಪಕ್ಕದ ಗೇಮ್ ಅಂಗಡಿ ಬಾಗಿಲು ಹಾಕಿದಾಗ, ಗುಜರಿಯವನ ಕೈಗೆ ಸಿಗುವ ಮೊದಲೇ ಇವಳು ಹೊತ್ತು ತಂದಳು. ನಮ್ಮಣ್ಣ ಸೋಫಾ ಹೊಲಿಯುವವನು. ಹರಿದ ಸೀಟುಗಳಿಗೆ ಮಿಕ್ಕಿದ ರೆಕ್ಸಿನ್ ಹೊಲಿದು, ನಾಣ್ಯ ಹಾಕದೆಯೇ ಆಡುವಂತೆ ಮಾಡಿಕೊಟ್ಟ. ಪುಕ್ಕಲು ವಿದ್ಯಾರ್ಥಿಗಳು ಇದರಲ್ಲಿ ಧೈರ್ಯ ಕಲಿಯಲಿ ಎಂಬುದು ಇವಳ ಆಸೆ. ಕಲಿತರು, ಯಾಕೆ ಕಲಿಯಲಿಲ್ಲ! ಇದರಲ್ಲಿ ನಾಲ್ಕು ದಿನ ಆಡಿದವರು ರಸ್ತೆಗಿಳಿದು, ಎದುರಿನ ಗಾಡಿಗೆ ಗುದ್ದಿದರೆ ಬಹುಮಾನ ಸಿಗುತ್ತದೇನೋ ಎಂಬಂತೆ ಓಡಿಸತೊಡಗಿದರು. ಸ್ಕೂಲಿನ ಯಜಮಾನರು ಕೈಮುಗಿದು ಬೇಡಿಕೊಂಡ ಮೇಲೆ ಪಾಠ ನಿಂತಿತು.

ಆಮೇಲೆ ಅದು ಸತ್ತವರ ಪಾಲಾಯಿತು. ಗಾಬರಿಯಾಗಬೇಡಿ, ಹೇಳುತ್ತೇನೆ.

ಅತ್ತಿಗೆಗೆ ತಿಂಗಳಿಗೊಮ್ಮೆ ಕೊಲೆ ಮಾಡಿಸುವ ಚಟ. ನಾಲ್ಕಾರು ಜನರನ್ನು ಊಟಕ್ಕೆ ಕರೆಯುತ್ತಾಳೆ. ಎಲ್ಲರಿಗೂ ಒಂದೊಂದು ವೇಷ, ಒಂದೊಂದು ಪಾತ್ರ. ಸೂಪು ಬರುವ ಹೊತ್ತಿಗೆ ಒಬ್ಬರು ಸಾಯಬೇಕು. ಉಳಿದವರಲ್ಲಿ ಒಬ್ಬರು ಕೊಲೆಗಾರರು, ಅದು ಯಾರೆಂದು ಊಟ ಮುಗಿಯುವುದರೊಳಗೆ ಕಂಡುಹಿಡಿಯಬೇಕು. ಪತ್ತೇದಾರಿಣಿ ಯಾವಾಗಲೂ ಅತ್ತಿಗೆಯೇ, ಸೌಟು ಹಿಡಿದುಕೊಂಡೇ ವಿಚಾರಣೆ ನಡೆಸುತ್ತಾಳೆ. ವೇಷಕ್ಕೆ ಗಿರಾಕಿಗಳು ನನ್ನ ಅಂಗಡಿಯಲ್ಲಿ ಬಿಟ್ಟುಹೋದ ಕೋಟು, ಶಾಲು, ಟೋಪಿಗಳು. ಮೊದಮೊದಲು ಸತ್ತವರಿಗೆ ಬಹಳ ಬೇಜಾರಾಗುತ್ತಿತ್ತು, ಮೂಲೆಯಲ್ಲಿ ಬಾಯಿ ಮುಚ್ಚಿ ಕೂತಿರಬೇಕಿತ್ತಲ್ಲ. ಅದಕ್ಕೆ ಅತ್ತಿಗೆ ಒಂದು ಕಾನೂನು ತಂದಳು: ಸತ್ತವರು ತಟ್ಟೆ ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ರೇಸ್ ಆಡಬಹುದು. ಅಷ್ಟೇ, ಎಲ್ಲರೂ ಸಾಯುವುದಕ್ಕೆ ನಾಮುಂದು ತಾಮುಂದು. ಅವಳ ಸ್ಕೂಲಿನಲ್ಲಿ ಕಲಿಯುವ ಒಬ್ಬ ಬ್ಯಾಂಕ್ ಮ್ಯಾನೇಜರಿದ್ದಾರೆ. ಲೈಸೆನ್ಸ್ ಪರೀಕ್ಷೆಯಲ್ಲಿ ಹೋದ ಸಲವೂ ನಪಾಸು, ಅದರ ಹಿಂದಿನ ಸಲವೂ ನಪಾಸು, ಆ ಕೋಣೆಯಲ್ಲಿ ಮಾತ್ರ ಅವರನ್ನು ಸೋಲಿಸಿದವರಿಲ್ಲ. "ಮೇಡಂ, ಈ ಸಲ ನನ್ನನ್ನೇ ಸಾಯ್ಸಿ" ಎಂದು ಮೂರು ದಿನ ಮುಂಚೆಯೇ ಫೋನು ಮಾಡಿ ಗೋಗರೆಯುತ್ತಾರೆ.

ಇಷ್ಟೆಲ್ಲ ನಗೆಚಾಟಿಕೆ ನಡೆಯುವಾಗ ಅದೇ ಮನೆಯ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಮ್ಮಪ್ಪ ಒಬ್ಬರೇ ಉಣ್ಣುತ್ತಿದ್ದರು. ಅತ್ತಿಗೆಯ ಜೊತೆ ಮಾತು ಬಿಟ್ಟು ವರ್ಷವಾಗುತ್ತ ಬಂದಿತ್ತು.

ಅಪ್ಪ ಬಸ್ ಡ್ರೈವರಾಗಿದ್ದವರು. ಕೈಯಲ್ಲಿ ಸ್ಟೀರಿಂಗ್ ಇರುವ ತನಕ ರಾಜ. ನಿವೃತ್ತರಾದ ಮೇಲೂ ಅಣ್ಣನ ಕಾರಿನ ಕೀಲಿ ಅವರ ಜೇಬಿನಲ್ಲೇ ಇರುತ್ತಿತ್ತು. ಓದುವ ಕನ್ನಡಕ ಮಾಡಿಸಲು ಹೋದಾಗ ಕನ್ನಡಕದ ಅಂಗಡಿಯವರು, "ಯಜಮಾನ್ರೇ, ನಿಮ್ಮ ಬಲಗಡೆ ನೋಟ ಹೋಗ್ತಾ ಇದೆ. ಹೋದದ್ದು ಬರಲ್ಲ, ಇರೋದನ್ನ ಉಳಿಸಿಕೊಳ್ಳಬಹುದು, ಬೇಗ ಕಣ್ಣಾಸ್ಪತ್ರೆಗೆ ಹೋಗಿ" ಎಂದರು. ಅಪ್ಪ ಉರಿದುಬಿದ್ದರು. ಅವನು ಕನ್ನಡಕ ಮಾರೋನು, ಅವನಿಗೇನು ಗೊತ್ತು ಎಂದು ಕಡ್ಡಿ ಮುರಿದಂತೆ ಹೇಳಿ ಮನೆಗೆ ಬಂದರು. ಆಗ ಅತ್ತಿಗೆ ಉಪಾಯ ಮಾಡಿ, ಸ್ಕೂಲಿನ ಕಾರು ತಂದು, "ಮಾವ, ಇದು ಯಾಕೋ ಒಂಥರಾ ಸದ್ದು ಮಾಡ್ತಿದೆ, ಸ್ವಲ್ಪ ಓಡಿಸಿ ನೋಡ್ತೀರಾ?" ಎಂದು ಕರೆದುಕೊಂಡು ಹೋದಳು. ಹೋದವರು ಹತ್ತು ನಿಮಿಷದಲ್ಲಿ ವಾಪಸು. ಅವಳು ಓಡಿಸುತ್ತಿದ್ದಳು, ಅಪ್ಪ ಪಕ್ಕದಲ್ಲಿ ಮುಖ ಊದಿಸಿಕೊಂಡು ಕೂತಿದ್ದರು.

ಅಡ್ಡರಸ್ತೆಯೊಂದರಲ್ಲಿ ಬಲಗಡೆಯಿಂದ ಸೈಕಲ್ ಬಂತು, ಮಾವ ನೋಡಲೇ ಇಲ್ಲ, ನಾನು ಬ್ರೇಕ್ ಒತ್ತಿದೆ ಎಂದು ಅವಳು ಹೇಳಿದಳು. ಯಾವ ಸೈಕಲ್ಲೂ ಇರಲಿಲ್ಲ, ಜೀವಮಾನವಿಡೀ ಬಸ್ ಓಡಿಸಿದವನಿಗೆ ನಡುರಸ್ತೆಯಲ್ಲಿ ಅವಮಾನ ಮಾಡಿದಳು ಎಂದು ಇವರು ಕೂಗಾಡಿದರು. ಆ ಸಂಜೆ ಅತ್ತಿಗೆ ಅಣ್ಣನ ಕಾರಿನ ಕೀಲಿಯನ್ನು ಅಪ್ಪನ ಜೇಬಿನಿಂದ ತೆಗೆದಿಟ್ಟಳು. ಅಂದಿನಿಂದ ಅವಳೆದುರು ಅಪ್ಪನ ಬಾಯಿಗೆ ಬೀಗ. ಏನಿದ್ದರೂ "ಅವಳಿಗೆ ಹೇಳು, ಕಾಫಿಗೆ ಸಕ್ಕರೆ ಸಾಲದು", "ಅವಳಿಗೆ ಹೇಳು, ಫ್ಯಾನು ತಿರುಗ್ತಿಲ್ಲ". ಅವಳು ಎದುರಿಗೇ ನಿಂತಿದ್ದರೂ ಗೋಡೆಯ ಕಡೆ ತಿರುಗಿ ಹೇಳುವುದು! ಕಣ್ಣಾಸ್ಪತ್ರೆಯ ಮಾತೆತ್ತಿದರೆ ನನ್ನನ್ನೂ ಅಣ್ಣನನ್ನೂ ಸೇರಿಸಿ ಬೈಯುತ್ತಿದ್ದರು. ಜಪ್ಪಯ್ಯ ಅಂದರೂ ಹೊಸಿಲು ದಾಟಲಿಲ್ಲ. ಅತ್ತ ಬಲಗಡೆಯ ನೋಟ ದಿನದಿನಕ್ಕೂ ಹೋಗುತ್ತಿತ್ತು. ಬಾಗಿಲ ಚೌಕಟ್ಟಿಗೆ ತಾಗಿ ಬಲಭುಜದಲ್ಲಿ ಸದಾ ಒಂದು ಗಾಯ.

"ನಾನು ಕೀಲಿ ತೆಗೆದಿಟ್ಟಿದ್ದು ತಪ್ಪಾ, ಇಸ್ತ್ರಿಪೆಟ್ಟಿಗೆ?" ಎಂದು ಅವಳು ಆಗಾಗ ಕೇಳುತ್ತಿದ್ದಳು. "ಹೋಗ್ಲಿ, ನನ್ನ ಜೊತೆ ಮಾತಾಡೋದು ಬೇಡ. ಕಣ್ಣಾದ್ರೂ ತೋರಿಸ್ಲಿ." ಅಷ್ಟು ಹೇಳಿ ಪಾತ್ರೆ ಕುಕ್ಕಿ ಎದ್ದುಹೋಗುತ್ತಿದ್ದಳು. ನನಗಂತೂ ಅಪ್ಪನನ್ನು ಹಿಡಿದು ಅಲ್ಲಾಡಿಸುವಷ್ಟು ಸಿಟ್ಟು ಬರುತ್ತಿತ್ತು.

ಆ ಸಲದ ಕೊಲೆ ಹಡಗಿನ ಮೇಲೆ. ಸಾಯುವ ಭಾಗ್ಯ ಬ್ಯಾಂಕ್ ಮ್ಯಾನೇಜರಿಗೆ, ಅವರು ಹಡಗಿನ ಯಜಮಾನ. ಕೊಲೆಗಾರ್ತಿ ನಾನು, ನಾಟಕದ ನಟಿ. ಅಣ್ಣ ಅಡುಗೆ ಭಟ್ಟ, ನನ್ನ ಗಂಡ ಹಡಗಿನ ವೈದ್ಯ. ಕೆಳಗಿನ ಮನೆಯ ಹಲ್ಲಿನ ಡಾಕ್ಟರು ನಿವೃತ್ತ ಜಡ್ಜ್ ಆಗಬೇಕಿತ್ತು, ಕೊನೇ ಗಳಿಗೆಯಲ್ಲಿ ಯಾರದೋ ಹಲ್ಲು ಮುರಿದು ಅವರು ಕೈಕೊಟ್ಟರು. ಜಡ್ಜಿಗೆಂದು ತಂದಿದ್ದ ಹಿತ್ತಾಳೆ ಗುಂಡಿಯ ಕರಿ ಕೋಟನ್ನು ಹಿಡಿದುಕೊಂಡು ನಾನು ನೇರ ಅಪ್ಪನ ಕೋಣೆಗೆ ನುಗ್ಗಿದೆ.

"ಅಪ್ಪಾ, ಒಂದಾಳು ಕಮ್ಮಿ ಇದೆ. ಬಂದು ಸುಮ್ನೆ ಕೂತ್ಕೊಳ್ಳಿ ಸಾಕು."

"ನನಗೇನು ಬೇರೆ ಕೆಲಸ ಇಲ್ವಾ?"

"ಏನಿದೆ ಹೇಳಿ ನೋಡೋಣ! ಜಡ್ಜ್ ಪಾತ್ರ. ಈ ಕೋಟು ನಿಮಗೇ."

ಅಪ್ಪ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಸವರಿದರು. ಸಮವಸ್ತ್ರ ಕಳಚಿಟ್ಟ ಮೇಲೆ ಗುಂಡಿಯಿರುವ ಕೋಟು ಅವರ ಮೈಮೇಲೆ ಬಿದ್ದಿರಲಿಲ್ಲ. "ಊಟ ಮುಗಿಯೋವರೆಗೆ ಮಾತ್ರ" ಎಂದು ಎದ್ದರು. ಅಪ್ಪ ಮೇಜಿನ ಹತ್ತಿರ ಬರುವುದನ್ನು ನೋಡಿ ಅತ್ತಿಗೆ ಸೂಪನ್ನು ಬಟ್ಟಲಿಗೆ ಹಾಕುವುದು ಬಿಟ್ಟು ಮೇಜಿನ ಮೇಲೆ ಸುರಿದಳು.

ಮ್ಯಾನೇಜರು ಎದೆ ಹಿಡಿದುಕೊಂಡು, ಬೇಕಾದದ್ದಕ್ಕಿಂತ ಹೆಚ್ಚು ನರಳಿ ಸತ್ತರು. ಸತ್ತ ಮರುಕ್ಷಣ ತಟ್ಟೆ ಎತ್ತಿಕೊಂಡು ಪಕ್ಕದ ಕೋಣೆಗೆ ಓಡಿದರು. ವಿಚಾರಣೆ ಶುರುವಾಯಿತು. ಅಡುಗೆ ಭಟ್ಟನದು ಆಯಿತು, ವೈದ್ಯನದು ಆಯಿತು, ಜಡ್ಜ್ ಸರದಿ ಬಂತು.

"ಜಡ್ಜ್ ಸಾಹೇಬರೇ, ಯಜಮಾನರು ಸಾಯೋ ಹೊತ್ತಿಗೆ ನೀವೆಲ್ಲಿದ್ರಿ?" ಎಂದು ಅತ್ತಿಗೆ ಕೇಳಿದಳು.

ಅಪ್ಪ ಬ್ರೆಡ್ಡು ಮುರಿದು ನನ್ನ ಕಡೆ ತಿರುಗಿದರು. "ಪತ್ತೇದಾರಮ್ಮನಿಗೆ ಹೇಳು, ನಾನು ಹಡಗಿನ ಮಾಳಿಗೆ ಮೇಲೆ ಗಾಳಿಗೆ ನಿಂತಿದ್ದೆ."

ನನ್ನ ಗಂಡ ಕಿಸಕ್ಕನೆ ನಕ್ಕ. ನನಗೂ ನಗು ತಡೆಯಲಾಗಲಿಲ್ಲ. ಅತ್ತಿಗೆಯೂ ನಕ್ಕಳು, ಪಾಪ. ನಕ್ಕು ಮುಂದಿನ ಪ್ರಶ್ನೆ ಕೇಳಿಬಿಟ್ಟಳು. "ಅಲ್ಲಿಂದ ನಿಮಗೆ ಏನಾದ್ರೂ ಕಾಣಿಸ್ತಾ?"

ಆಟದ ಪ್ರಶ್ನೆಯೇ ಅದು. ಕೇಳಿದ ಮೇಲೆ ಅವಳೇ ತುಟಿ ಕಚ್ಚಿಕೊಂಡಳು.

"ಅವಳಿಗೆ ಹೇಳು," ಎಂದರು ಅಪ್ಪ, "ಇದ್ದದ್ದೆಲ್ಲ ನನಗೆ ಚೆನ್ನಾಗೇ ಕಾಣುತ್ತೆ. ಇಲ್ಲದ ಸೈಕಲ್ ಕಾಣೋದು ಅವಳ ಕಣ್ಣಿಗೆ."

ಅತ್ತಿಗೆಯ ಮುಖ ಕೆಂಪಾಯಿತು. ಸೌಟನ್ನು ಮೇಜಿಗೆ ಕುಟ್ಟಿ, "ಜಡ್ಜ್ ಸಾಹೇಬರ ಸೂಪಿನಲ್ಲೂ ವಿಷ ಇತ್ತು. ಅವರೂ ಸತ್ತರು. ಏಳಿ!" ಎಂದಳು. ಆಟದಲ್ಲಿ ಎರಡನೇ ಕೊಲೆಯೇ ಇರಲಿಲ್ಲ, ಕೊಲೆಗಾರ್ತಿಯಾದ ನನಗೆ ಗೊತ್ತಿಲ್ಲವೇ? ಸಿಟ್ಟಿಗೆ ಕೊಂದೇಬಿಟ್ಟಳು.

"ಸೂಪು ಇನ್ನೂ ಮುಗಿದಿಲ್ಲ" ಎಂದರು ಅಪ್ಪ, ಯಾರಿಗೂ ಅಲ್ಲದಂತೆ.

"ಸತ್ತವರು ಸೂಪು ಕುಡಿಯಲ್ಲ" ಎಂದು ಅಣ್ಣ ಅವರ ರಟ್ಟೆ ಹಿಡಿದು ಪಕ್ಕದ ಕೋಣೆಗೆ ಬಿಟ್ಟುಬಂದ.

ಅತ್ತಿಗೆ ಆಲೂಗಡ್ಡೆ ಬಡಿಸುತ್ತಲೇ ಕಣ್ಣೊರೆಸಿಕೊಂಡಳು. ಆಟ ಅಲ್ಲಿಗೇ ನಿಂತಿತು. ಒಳಗಿನಿಂದ ಮಾತ್ರ ಎಂಜಿನ್ನಿನ ಗುಂಯ್‌ಗುಡುವ ಸದ್ದು, ಟಯರು ಕಿರುಚುವ ಸದ್ದು, ಮತ್ತೆ ಮತ್ತೆ ಢಮಾರ್. ಅಪ್ಪ ಆಡುತ್ತಿದ್ದಾರೆಂದು ನಂಬುವುದಕ್ಕೇ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಮ್ಯಾನೇಜರು ಖಾಲಿ ತಟ್ಟೆ ಹಿಡಿದು ಹೊರಗೆ ಬಂದರು.

"ಮೇಡಂ, ದೊಡ್ಡವರು ಭಾರೀ ಚೆನ್ನಾಗಿ ಓಡಿಸ್ತಾರೆ, ನನ್ನನ್ನೇ ಹಿಂದೆ ಹಾಕಿದ್ರು. ಆದ್ರೆ ಬಲಗಡೆ ಬರೋ ಗಾಡಿಗೆಲ್ಲ ಹೋಗಿ ಗುದ್ದುತ್ತಾರೆ. ಲಾರಿ ಲಾರಿ ಅಂತ ಕೂಗಿದ್ರೂ, ಎಲ್ಲಿ ಎಲ್ಲಿ ಅಂತಾರೆ. ತಮಾಷೆ ಮಾಡ್ತಾರಾ?"

ಪಾಪ, ಅವರಿಗೆ ನಮ್ಮ ಮನೆಯ ವಿಷಯ ಒಂದೂ ಗೊತ್ತಿರಲಿಲ್ಲ. ಅತ್ತಿಗೆ ಸೌಟು ಕೆಳಗಿಟ್ಟು ಎದ್ದಳು, ನಾನೂ ಹಿಂದೆ ಹೋದೆ.

ಅಪ್ಪ ಕೋಟಿನ ತೋಳು ಮಡಿಸಿಕೊಂಡು ಸ್ಟೀರಿಂಗ್ ಹಿಡಿದು ಕೂತಿದ್ದರು. ನನ್ನನ್ನು ಕಂಡವರೇ, "ಅಣ್ಣನಿಗೆ ಹೇಳು, ಈ ಯಂತ್ರ ಕೆಟ್ಟಿದೆ. ಗಾಡಿಗಳು ಗಾಳಿಯಲ್ಲಿ ಹುಟ್ಟಿಕೊಳ್ತಾ ಇವೆ" ಎಂದರು.

ಅತ್ತಿಗೆ ಸದ್ದಿಲ್ಲದೆ ಪಕ್ಕದ ಸೀಟಿನಲ್ಲಿ ಕೂತಳು. ಹೊಸ ರೇಸು ಶುರುವಾಗುವುದರಲ್ಲಿತ್ತು. ಪರದೆಯ ನಡುವೆ ಅಪ್ಪನ ಕೆಂಪು ಕಾರು, ಎಡಕ್ಕೊಂದು ನೀಲಿ, ಬಲಕ್ಕೊಂದು ಹಳದಿ. ಮೇಲೆ ದೀಪ. ಅವಳು ಸ್ಕೂಲಿನಲ್ಲಿ ಹೊಸಬರನ್ನು ಕೇಳುವ ದನಿಯಲ್ಲೇ ಕೇಳಿದಳು.

"ಎಡಗಡೆ ಯಾವ ಕಾರಿದೆ?"

ಅಪ್ಪ ನನ್ನ ಕಡೆ ತಿರುಗಿದರು. "ಹೇಳೀಪ್ಪಾ!" ಎಂದು ನಾನು ಗದರಿದ ಮೇಲೆ, "ನೀಲಿ" ಎಂದರು.

"ಬಲಗಡೆ?"

"ಬಲಗಡೆ ಏನೂ ಇಲ್ಲ. ಖಾಲಿ."

"ಕತ್ತು ತಿರುಗಿಸಿ ನೋಡಿ, ಮಾವ."

ಅಪ್ಪ ಕತ್ತು ತಿರುಗಿಸಿದರು. ಹಳದಿ ಕಾರು ಅಲ್ಲೇ ಹೊಗೆ ಬಿಡುತ್ತ ನಿಂತಿತ್ತು. ಅವರು ಮತ್ತೆ ನೇರಕ್ಕೆ, ದೀಪದ ಕಡೆ ನೋಡಿದರು. ಮತ್ತೆ ಬಲಕ್ಕೆ. ಮತ್ತೆ ನೇರಕ್ಕೆ. ದೀಪ ಹಸಿರಾಯಿತು, ಕಾರುಗಳೆಲ್ಲ ಹೊರಟುಹೋದವು, ಅಪ್ಪ ಪೆಡಲು ಒತ್ತಲೇ ಇಲ್ಲ. ಸಮಯ ಮುಗಿದು ಇನ್ನೊಂದು ರೇಸು ಬಂತು. ಆಗಲೂ ಹಾಗೇ, ಕತ್ತು ಅತ್ತ ತಿರುಗಿಸುವುದು, ಇತ್ತ ತಿರುಗಿಸುವುದು. ಅಯ್ಯೋ, ಇಷ್ಟು ದಿನ ಈ ಮನುಷ್ಯ ಹಠ ಮಾಡುತ್ತಿದ್ದಾರೆ ಎಂದುಕೊಂಡಿದ್ದೆವು. ಅವರಿಗೆ ನಿಜವಾಗಿಯೂ ಗೊತ್ತೇ ಇರಲಿಲ್ಲ.

ಅಪ್ಪ ಸ್ಟೀರಿಂಗ್ ಬಿಟ್ಟು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು.

"ಅವತ್ತು ಸೈಕಲ್ ಇತ್ತಾ?" ಎಂದು ಕೇಳಿದರು. ನನ್ನನ್ನಲ್ಲ, ಗೋಡೆಯನ್ನಲ್ಲ, ಅವಳನ್ನೇ.

"ಇತ್ತು, ಮಾವ."

"ಯಾರು?"

ಅತ್ತಿಗೆ ಪರದೆಯ ಕಡೆ ಮುಖ ತಿರುಗಿಸಿದಳು.

"ಯಾರು ಅಂತ ಕೇಳ್ದೆ."

"ಒಬ್ಬ ಹುಡುಗಿ. ಹಿಂದಿನ ಸೀಟಲ್ಲಿ ತಮ್ಮನ್ನ ಕೂರಿಸ್ಕೊಂಡಿದ್ಲು. ಪುಟ್ಟ ಮಗು."

ಇದನ್ನು ಅವಳು ನನಗೂ ಹೇಳಿರಲಿಲ್ಲ, ಅಣ್ಣನಿಗೂ ಹೇಳಿರಲಿಲ್ಲ. ಇಡೀ ವರ್ಷ ಅವಮಾನ ಮಾಡಿದವಳು ಎನ್ನಿಸಿಕೊಂಡು ಓಡಾಡಿದ್ದಳು. ಇದೊಂದು ಮಾತು ಹೇಳಿದ್ದರೆ ನಾವೆಲ್ಲ ಅಪ್ಪನ ಮೇಲೆ ಮುಗಿಬೀಳುತ್ತಿದ್ದೆವು.

"ಮೊದಲೇ ಯಾಕೆ ಹೇಳ್ಲಿಲ್ಲ?" ಎಂದು ಅಪ್ಪ ಕೇಳಿದರು.

"ಹೇಳಿದ್ರೆ ನಿಮಗೆ ನಿದ್ದೆ ಬರ್ತಿರಲಿಲ್ಲ. ನನ್ನ ಮೇಲೆ ಸಿಟ್ಟಿದ್ರೆ ಇರಲಿ ಬಿಡಿ ಅನ್ನಿಸ್ತು. ಅವರಿಗೇನೂ ಆಗಿಲ್ಲ ಮಾವ. ಹೆದರಿ ಸೈಕಲ್ ತಿರುಗಿಸ್ಕೊಂಡು ಬಂದ ದಾರೀಲೇ ವಾಪಸ್ ಹೋದ್ರು, ಅದಕ್ಕೇ ನಿಮಗೆ ಕಾಣಿಸ್ಲೇ ಇಲ್ಲ."

ಅಪ್ಪ ಅತ್ತರು. ಅವರು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಕರಿ ಕೋಟಿನ ತೋಳಿನಿಂದಲೇ ಮೂಗು ಒರೆಸಿಕೊಂಡರು, ಒಗೆದು ಇಸ್ತ್ರಿ ಮಾಡಿಟ್ಟ ಕೋಟು, ಹಾಳಾಗಿ ಹೋಗಲಿ ಎಂದುಕೊಂಡು ನಾನೂ ಅತ್ತೆ. ಆಚೆಯಿಂದ ಅಣ್ಣ, "ಕೊಲೆ ಮಾಡಿದ್ದು ಯಾರು ಅಂತ ಹೇಳ್ರೋ, ಎಲ್ಲಾ ಆರಿಹೋಗ್ತಾ ಇದೆ" ಎಂದು ಕೂಗುತ್ತಿದ್ದ.

"ಬೆಳಿಗ್ಗೆ ನಿನಗೆ ಪಾಠ ಇದೆಯಾ?" ಎಂದು ಅಪ್ಪ ಅವಳನ್ನು ಕೇಳಿದರು.

"ಇದೆ. ಬೇಕಾದ್ರೆ ರಜ ಹಾಕ್ತೀನಿ."

"ಹಾಕು. ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗು. ನೀನೇ ಓಡಿಸು, ನಾನು ಸುಮ್ನೆ ಕೂತ್ಕೋತೀನಿ."

ಅತ್ತಿಗೆ ತಲೆಯಾಡಿಸಿದಳು. ಅಪ್ಪ ಸೀಟಿನಿಂದ ಏಳಲು ನೋಡಿದರು. ಅವಳು ಎದ್ದು ಬಂದು ಕಾರಿನಲ್ಲಿ ಪಾಠ ಹೇಳುವಾಗ ಕೂರುವ ಎಡಗಡೆಯಿಂದಲೇ ಕೈ ಚಾಚಿದಳು. ಅಪ್ಪ ಆ ಕೈಯನ್ನು ಮೆಲ್ಲಗೆ ಸರಿಸಿದರು.

"ಇಲ್ಲಿ ಬೇಡಮ್ಮಾ," ಎಂದರು. "ಈ ಕಡೆ ನನಗೆ ಕಾಣುತ್ತೆ. ನೀನು ಆ ಕಡೆ ಬಾ."

ಅತ್ತಿಗೆ ಸೀಟನ್ನು ಸುತ್ತಿಕೊಂಡು ಹೋಗಿ ಅವರ ಬಲಗಡೆ ನಿಂತಳು.