ಜೋಡಿ ಹಾಡಿನ ಒಂಟಿ ಹೆಸರು

ನನಗೆ ಕಾರು ಓಡಿಸಲು ಕಲಿಸಿದ ಮುದುಕನನ್ನು ಕಂಡರೆ ನನಗೆ ಮೊದಲ ದಿನದಿಂದಲೇ ಮೈಯೆಲ್ಲ ಉರಿ. ಅವನಿಗೂ ನನ್ನನ್ನು ಕಂಡರೆ ಅಷ್ಟೇ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ಇಂಗ್ಲಿಷರ ರಾಜಧಾನಿಯ ಒಂದು ಅಂಚಿನ ಎಜ್‌ವೇರ್‌ನಲ್ಲಿ, ನನಗೆ ಸಿಕ್ಕ ಕೆಲಸ ಇನ್ನೊಂದು ಅಂಚಿನ ಅಕ್ಸ್‌ಬ್ರಿಡ್ಜ್‌ನಲ್ಲಿ. ನೆಲದಡಿಯ ಟ್ಯೂಬ್ ರೈಲಿನಲ್ಲಿ ಹೋಗುವುದೆಂದರೆ ತಲೆಯ ಹಿಂದಿನಿಂದ ಕೈ ತಂದು ಮೂಗು ಹಿಡಿದ ಹಾಗೆ: ನಡುವೂರಿಗೆ ಇಳಿದು, ಇನ್ನೊಂದು ಗಾಡಿ ಹಿಡಿದು, ಮತ್ತೆ ಅಷ್ಟೇ ದೂರ ಹೊರಗೆ ಬರಬೇಕು. ನಾನೇ ಕಾರು ಕಲಿಸುತ್ತೇನೆಂದು ಮುಂದೆ ಬಂದ ನನ್ನ ಗಂಡ ಮೊದಲ ರೌಂಡಬೌಟಿನಲ್ಲೇ ಕೆಳಗಿಳಿದು ನಡೆದುಕೊಂಡು ಮನೆಗೆ ಹೋದರು. ಹಾಗಾಗಿ ಡ್ರೈವಿಂಗ್ ಸ್ಕೂಲಿನ ಈ ಬಿಳಿ ಮುದುಕ ಗಂಟುಬಿದ್ದ.

ಅವನು ಆಡುತ್ತಿದ್ದುದು ಇಂಗ್ಲಿಷೇ. ಆದರೆ ನನ್ನ ನೆನಪಿನಲ್ಲಿ ಅವನು ಧಾರವಾಡದ ನಮ್ಮ ಓಣಿಯ ಮುದುಕರ ಹಾಗೆಯೇ ಬೈಯುತ್ತಾನೆ. ಹಾಗೇ ಬರೆಯುತ್ತೇನೆ, ತಕರಾರು ಇದ್ದವರು ತಕರಾರು ಮಾಡಿಕೊಳ್ಳಲಿ.

"ಕನ್ನಡಿ ನೋಡು, ಲವ್! ಅದನ್ನೇನ್ ಮಾರಿಗೆ ಪೌಡರ್ ಹಚ್ಕೊಳ್ಳಾಕ ಇಟ್ಟಾರೇನು?"

"ಲವ್ ಅಂತ ನಿಮ್ಮ ಹೇಂತಿನ್ನ ಕರೀರಿ," ಎಂದೆ. ಕಂಡ ಹೆಂಗಸರನ್ನೆಲ್ಲ ಲವ್ ಅನ್ನುವುದು ಅಲ್ಲಿಯ ಮುದುಕರ ಚಾಳಿ.

"ಹೇಂತಿ ಬಿಟ್ಟು ಹೋಗಿ ಭಾಳ ದಿನಾ ಆತು. ಕನ್ನಡಿ ನೋಡು."

ಎತ್ತರದ ಒಣಕಲು ಆಳು, ತಲೆಗೆ ಕಪ್ಪು ಬಣ್ಣ, ಬೆರಳ ತುದಿಯಲ್ಲಿ ಸಿಗರೇಟಿನ ಹಳದಿ. ನಿಮ್ಮ ದೇಶದಾಗ ಹಿಂದ ನೋಡೋ ಪದ್ಧತಿ ಇಲ್ಲೇನು ಎಂದು ಒಂದು ಸಲ ಕೇಳಿದ. ಹಿಂದ ನೋಡಿದ್ರ ನಮ್ಮನ್ನ ಆಳಿದ ನಿಮ್ಮವರ ಕಾಣ್ತಾರ, ಅದಕ್ಕ ನೋಡಂಗಿಲ್ಲ ಎಂದೆ.

ಅವನು ಯಾರೆಂದು ತಿಳಿದದ್ದು ಕಾರಿನ ರೇಡಿಯೋದಿಂದ. ಲಾರಿಗಳ ಹಿಂದೆ ಸಿಕ್ಕಿಕೊಂಡು ನಿಂತಿದ್ದೆವು. ಆಗ ಎಲ್ಲ ಕಡೆ ಒಂದು ಹಳೆಯ ಹಾಡು ಮತ್ತೆ ಎದ್ದಿತ್ತು. ಅರವತ್ತರ ದಶಕದಲ್ಲಿ ಇಬ್ಬರು ಹುಡುಗರು ಜೋಡಿ ದನಿಯಲ್ಲಿ ಹಾಡಿದ್ದು. ಟೀವಿಯಲ್ಲಿ ಯಾವುದೋ ಬಿಸ್ಕೀಟಿನ ಜಾಹೀರಾತಿಗೆ ಹಾಕಿದ್ದರು, ನನ್ನ ಮಗಳು ಅದನ್ನು ಬಿಸ್ಕೀಟ್ ಸಾಂಗ್ ಅನ್ನುತ್ತಿದ್ದಳು. ಅದು ರೇಡಿಯೋದಲ್ಲಿ ಬಂತು. ಮುದುಕ ಮುಷ್ಟಿಯಿಂದ ಗುದ್ದಿ ರೇಡಿಯೋ ಬಂದ್ ಮಾಡಿದ.

"ಯಾಕ, ಹಾಡು ಚಲೋನ ಐತಲ್ಲ?" ಎಂದೆ, ಕೆಣಕಲಿಕ್ಕೆ.

"ಚಲೋ ಇರಲಿಕ್ಕೇನು? ನಾ ಮಾಡಿದ್ದು," ಎಂದ.

ಮನೆಗೆ ಬಂದು ಗಂಡನಿಗೆ ಹೇಳಿ ನಕ್ಕೆ. ಅವರು ನಗಲಿಲ್ಲ. ಮುಂದಿನ ಪಾಠದ ಹೊತ್ತಿಗೆ ಕಿಟಕಿಯ ಹಿಂದೆ ನಿಂತು ಕಾದರು. ಕಾರಿನಿಂದ ಮುದುಕ ಇಳಿದದ್ದೇ ತಡ, ಚಪ್ಪಲಿ ಇಲ್ಲದೆ ಓಡಿ ಹೋಗಿ ಅವನ ಎರಡೂ ಕೈ ಹಿಡಿದುಕೊಂಡರು. ಧಾರವಾಡದ ಹಾಸ್ಟೆಲಿನಲ್ಲಿ ಮುಂಬೈಯ ಹುಡುಗನೊಬ್ಬ ತಂದಿದ್ದ ಆ ರೆಕಾರ್ಡನ್ನು ಸವೆಯುವ ತನಕ ಕೇಳಿದ್ದರಂತೆ, ಕಾಲೇಜಿನ ಗ್ಯಾದರಿಂಗಿನಲ್ಲಿ ಗೆಳೆಯನ ಜೊತೆ ಹಾಡಿ ಶಿಳ್ಳೆ ಹೊಡೆಸಿಕೊಂಡಿದ್ದರಂತೆ. ನನ್ನನ್ನು ನೋಡಲು ಬಂದ ದಿನವೂ ಈ ಮನುಷ್ಯನ ಕಣ್ಣಲ್ಲಿ ನಾನು ಅಂಥ ಬೆಳಕು ಕಂಡಿರಲಿಲ್ಲ. ಅದಕ್ಕೂ ಮುದುಕನ ಮೇಲೆ ಸಿಟ್ಟು ಬಂತು.

ಅಂದಿನಿಂದ ಪಾಠವೆಂದರೆ ಹಾಡಿನ ಪುರಾಣ. ಗೇರು ಬದಲಿಸುವಾಗ ಒಂದು ಅಧ್ಯಾಯ, ಸಿಗ್ನಲ್ಲಿನಲ್ಲಿ ಒಂದು ಅಧ್ಯಾಯ. ಬೇರೆಯವರ ಸಿಟ್ಟಿನ ಕಥೆ ಕೇಳುವುದೆಂದರೆ ನನಗೆ ಸಕ್ಕರೆ, ಸುಮ್ಮನೆ ಯಾಕೆ ಸುಳ್ಳು ಹೇಳಲಿ. ಅವರಿಬ್ಬರೂ ಅಕ್ಸ್‌ಬ್ರಿಡ್ಜ್ ಕಡೆಯ ಒಂದೇ ಬೀದಿಯ ಹುಡುಗರು. ಇವನು ನಸುಕಿನಲ್ಲಿ ಮನೆ ಮನೆಗೆ ಹಾಲು ಹಾಕುವ ಗಾಡಿಯ ಕೆಲಸಕ್ಕಿದ್ದ. ಒಂದು ಬೆಳಿಗ್ಗೆ ಗಾಡಿ ತಗ್ಗಿನಲ್ಲಿ ಇಳಿದಾಗ ಖಾಲಿ ಬಾಟಲಿಗಳು ಒಂದಕ್ಕೊಂದು ಬಡಿದು ಕಿಣಿಕಿಣಿ ಅಂದವು, ಆ ಸದ್ದೇ ಬಾಯಿಗೆ ಬಂದು ರಾಗವಾಯಿತು. ಗಾಡಿಯಲ್ಲಿ ಜೊತೆಗೆ ಕೂತಿದ್ದವನು ಗೆಳೆಯ. ಅವನ ಮುಂದೆಯೇ ಗುನುಗಿದ. ಗೆಳೆಯ ಅದಕ್ಕೆ ಮಾತು ಕಟ್ಟಿದ. ಸ್ಟುಡಿಯೋದವರು ಅದನ್ನು ರೆಕಾರ್ಡಿನ ಹಿಂಬದಿಗೆ ಜಾಗ ತುಂಬಲಿಕ್ಕೆಂದು ಹಾಕಿದರು. ರೇಡಿಯೋದ ಒಬ್ಬ ಪುಣ್ಯಾತ್ಮ ರೆಕಾರ್ಡು ತಿರುವಿ ಹಾಕಿದ್ದೇ, ಹಾಡು ಊರೆಲ್ಲ ಹತ್ತಿಕೊಂಡಿತು. ಒಂದೇ ಬಣ್ಣದ ಸೂಟು, ಟೀವಿ, ಬಸ್ಸಿನಲ್ಲಿ ಊರೂರು ಕುಣಿತ, ಕಿರುಚುವ ಹುಡುಗಿಯರು.

"ಮತ್ತ ಜಗಳ ಯಾಕಾತು?" ಎಂದೆ.

"ರೆಕಾರ್ಡಿನ ಚೀಟಿ ಮ್ಯಾಲ ಹಾಡಿನ ಕೆಳಗ ಸಣ್ಣ ಅಕ್ಷರದಾಗ ಹಾಡು ಮಾಡಿದವನ ಹೆಸರು ಇರ್ತದ. ಅಲ್ಲಿ ಅವನೊಬ್ಬಂದ ಹೆಸರು. ಮುಂದಿನ ಹಾಡಿಗೆ ನಿನ್ನ ಹೆಸರು ಹಾಕ್ಸೂಣು ಅಂದ. ಹುಚ್ಚ ನಾ, ಹೂಂ ಅಂದೆ."

ಮುಂದಿನ ಹಾಡನ್ನು ನಾಯಿಯೂ ಮೂಸಲಿಲ್ಲ. ಜೋಡಿ ಮುರಿಯಿತು. ಆ ಇನ್ನೊಬ್ಬ ಬೇರೆಯವರಿಗೆ ಹಾಡು ಮಾಡಿಕೊಟ್ಟು ದೊಡ್ಡ ಮನುಷ್ಯನಾದ, ಇವನು ಕಾರಿನ ಪಕ್ಕದ ಸೀಟಿನಲ್ಲಿ ಕೂತು ನನ್ನಂಥವರಿಗೆ ಕನ್ನಡಿ ತೋರಿಸುವವನಾದ. ಗೆದ್ದಲು ಹುತ್ತ ಕಟ್ಟಿತು, ಹಾವು ಬಂದು ಸೇರಿಕೊಂಡಿತು.

"ಕೋರ್ಟಿಗೆ ಹೋಗ್ರಿ," ಎಂದೆ.

"ರೊಕ್ಕದ ಮಾತಲ್ಲ, ಲವ್. ನಾಕ ಮಂದಿ ಮುಂದ ಒಂದ ಸಲ ಅವ ಬಾಯಿಬಿಟ್ಟು ಹೇಳಬೇಕು, ರಾಗ ನಿಂದು ಅಂತ. ಗಾಡ್ಯಾಗ ಇದ್ದವರು ನಾವಿಬ್ಬರ. ನಂದು ಅಂತ ನಾ ಹೇಳಿದ್ರ ಯಾರು ನಂಬ್ತಾರ? ಅವ ಹೇಳಬೇಕು. ಅಷ್ಟ ಆದ್ರ ಸಾಕು, ಕಣ್ಣ ಮುಚ್ಚತೇನಿ."

ಇದನ್ನು ನಾನು ಗಂಡನಿಗೆ ಹೇಳಬಾರದಿತ್ತು. ಹೇಳಿದೆ. ಅವರು ಆಗ ನಮ್ಮ ಭಾಗದ ಕನ್ನಡಿಗರು ಸೇರಿ ಮಾಡುವ ಹಬ್ಬಗಳ ಮುಂದಾಳು. ಆ ಇನ್ನೊಬ್ಬ ಹಾಡುಗಾರ ಹೊಸ ಸೀಡಿಗೆ ಸಹಿ ಹಾಕಲು ಅಂಗಡಿಯೊಂದಕ್ಕೆ ಬಂದಾಗ ಸಾಲಿನಲ್ಲಿ ನಿಂತು, ನಮ್ಮ ಹಬ್ಬಕ್ಕೆ ಬರ್ರಿ, ಮನೆ ಊಟ ಐತಿ ಎಂದು ಕರೆದರಂತೆ. ನಮ್ಮ ಕರ್ರಿ ಊಟ ಅಂದರೆ ಪ್ರಾಣ ಬಿಡುವ ಜಾತಿ, ಒಪ್ಪಿಕೊಂಡ. ನನಗೆ ಮಾತ್ರ ಗಂಡ ಒಂದಕ್ಷರ ಹೇಳಲಿಲ್ಲ. ನಮ್ಮ ಮಂದಿ ಅವನ ಜೊತೆ ಫೋಟೋ ತೆಗೆಸಿಕೊಳ್ಳಬೇಕಂತೆ, ಹಬ್ಬದ ಊಟಕ್ಕೆ ಕರೀ ಎಂದು ನನ್ನ ಕೈಯಿಂದಲೇ ಮುದುಕನನ್ನು ಕರೆಸಿದರು.

ದಸರೆ ಮುಗಿದ ಮೇಲಿನ ಶನಿವಾರ. ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣ. ಬೆಂಗಳೂರಿನವರು ಒಂದು ಮೂಲೆಯಲ್ಲಿ ಬೊಂಬೆ ಇಟ್ಟಿದ್ದರು, ನಮ್ಮ ಕಡೆಯವರಿಗೆ ಬನ್ನಿ ಎಲೆ ಬೇಕು. ಎಜ್‌ವೇರ್‌ನಲ್ಲಿ ಬನ್ನಿ ಗಿಡ ಎಲ್ಲಿಂದ ಬರಬೇಕು? ನಮ್ಮ ಹಿತ್ತಲ ಬೇಲಿಯ ಸಣ್ಣೆಲೆಗಳನ್ನೇ ಕಿತ್ತು ತಾಟಿನಲ್ಲಿ ಇಟ್ಟು ಪೂಜೆ ಮಾಡಿದ್ದೆವು. ನಮ್ಮ ಕಡೆ ದಸರೆಗೆ ಒಬ್ಬರಿಗೊಬ್ಬರು ಬನ್ನಿ ಕೊಟ್ಟು, "ಬನ್ನಿ ತಗೊಂಡು ಬಂಗಾರಧಂಗ ಇರೋಣು" ಅನ್ನಬೇಕು. ಚಾಚಿದ ಬನ್ನಿಯನ್ನು ವೈರಿಯಾದರೂ ಒಲ್ಲೆ ಅನ್ನುವ ಹಾಗಿಲ್ಲ. ತಗೊಂಡರೆ ಜಗಳ ಅಲ್ಲಿಗೆ ಮುಗಿದ ಲೆಕ್ಕ.

ಮುದುಕ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಆಗ ಬಾಗಿಲಲ್ಲಿ ತಿಳಿಬಣ್ಣದ ಕೋಟಿನ, ಬಿಳಿ ಗಡ್ಡದ ಒಬ್ಬ ನಗುತ್ತ ಬಂದ. ನನ್ನ ಗಂಡ ಅವನಿಗೆ ಹಾರ ಹಾಕಿದರು. ಮುದುಕನ ಮುಖ ನೋಡಿದೆ, ರಕ್ತವೆಲ್ಲ ಇಳಿದು ಹೋಗಿತ್ತು.

"ಯಾರ ಕೆಲಸ ಇದು? ನಿಂದೇನು?" ಎಂದ ನನಗೆ.

ನಾನು ಗಂಡನನ್ನು ಅಡುಗೆ ಬಡಿಸುವ ಮೂಲೆಗೆ ಎಳೆದುಕೊಂಡು ಹೋದೆ. "ಏನ್ ಮಾಡೀರ್ರಿ ಇದು? ತಲಿ ನೆಟ್ಟಗೈತೇನು?"

"ಏ, ಸುಮ್ನಿರ ನೀ. ನಮ್ಮಪ್ಪ ನಮ್ಮ ಕಾಕಾ ವರ್ಷಗಟ್ಲೆ ಮಾರಿ ನೋಡತಿರಲಿಲ್ಲ. ಒಂದು ಬನ್ನಿ ಹಬ್ಬಕ್ಕ ಕಾಕಾ ಬಂದು ಕೈ ಚಾಚಿದ, ಅಪ್ಪ ತಗೊಂಡ, ಮುಗೀತು. ಬನ್ನಿ ಕೊಟ್ರ ಯಾರರ ಒಲ್ಲೆ ಅಂತಾರೇನು?"

"ಇವರೇನ್ ಧಾರವಾಡದವರೇನ್ರಿ? ಇವರಿಗೆ ಬನ್ನಿನೂ ಅಷ್ಟ, ಕೊತ್ತಂಬರಿನೂ ಅಷ್ಟ!"

ಕೇಳುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಮೈಕು ಹಿಡಿದು, ಇಬ್ಬರನ್ನೂ ವೇದಿಕೆಗೆ ಕರೆದು, ಎಲೆ ಕೈಗಿತ್ತು, ಪದ್ಧತಿಯನ್ನೆಲ್ಲ ಇಂಗ್ಲಿಷಿನಲ್ಲಿ ವಿವರಿಸಿದರು. ತಾಟು ಹಿಡಿದು ನಿಂತವಳು ನಾನೇ, ಕೈಯಳತೆ ದೂರದಲ್ಲಿ. ಕೋಟಿನವನು ಖುಷಿಯಾಗಿ ಎಲೆ ಚಾಚಿ, "ಎಷ್ಟ ವರ್ಷ ಆತೋ ಮಾರಾಯಾ!" ಎಂದು ಮುದುಕನ ಭುಜ ತಟ್ಟಿದ.

ಮುದುಕ ಕೈ ಎತ್ತಲಿಲ್ಲ. "ಮೊದಲ ಹೇಳು. ಇವರೆಲ್ಲಾರ ಮುಂದ ಹೇಳು. ಆ ಹಾಡಿನ ರಾಗ ಯಾರದು?"

ಕೋಟಿನವನು ಹುಬ್ಬು ಗಂಟಿಕ್ಕಿ ಮುದುಕನನ್ನೇ ನೋಡಿದ.

"ರಾಗಾನ? ಯಾಕ, ಏನಾತು?"

"ಹಾಲಿನ ಗಾಡಿ. ಬಾಟಲಿ. ನೀ ನನ್ನ ಬಾಜೂಕ ಕುಂತಿದ್ದಿ."

ಅವನು ಯೋಚಿಸಿದ. ನಾಟಕವಲ್ಲ, ನಿಜವಾಗಿ ಯೋಚಿಸಿದ. ಕಣ್ಣು ಮೇಲೆ ಹೋಯಿತು, ತುಟಿ ಅಲ್ಲಾಡಿತು, ಏನೂ ಸಿಗಲಿಲ್ಲ. ಆಮೇಲೆ ತಪ್ಪೇನೂ ಇಲ್ಲದವನ ಹಾಗೆ ನಕ್ಕ.

"ನೆನಪಿಲ್ಲೋ. ಹಾಲಿನ ಗಾಡಿನೂ ನೆನಪಿಲ್ಲ. ಎಷ್ಟು ಹಾಡು ಮಾಡೀನಿ ಆಮ್ಯಾಲ! ನಂದ ಇರಬೇಕು ಬಿಡು, ಹೆಸರು ನಂದೈತಲ್ಲ."

ಕೇಳಿದ ಜನಕ್ಕೆ ಏನೂ ಅರ್ಥವಾಗಲಿಲ್ಲ, ಚಪ್ಪಾಳೆ ಹೊಡೆದರು. ಹಳೆಯ ಗೆಳೆಯರು ಒಂದಾದರು ಎಂದು ನನ್ನ ಗಂಡ ಮೈಕಿನಲ್ಲಿ ಸಾರಿದರು, ಖೋಡಿ ಮೈಕು ಯಾರು ಕೊಟ್ಟರೋ ಇವರಿಗೆ. "ಹಾಡಿ, ಹಾಡಿ" ಎಂದು ಬೆಂಗಳೂರಿನ ಹೆಂಗಸೊಬ್ಬಳು ಕೂಗಿದಳು. ಕೋಟಿನವನು ಕಾಯಿಸಲಿಲ್ಲ, ಒಬ್ಬನೇ ಎತ್ತಿಕೊಂಡ. ಮಕ್ಕಳಿಗೆಲ್ಲ ಟೀವಿಯಿಂದ ಬಾಯಿಪಾಠ, ಇಡೀ ಸಭೆ ದನಿಗೂಡಿಸಿತು. ನನ್ನ ಮಗಳೂ ಹಾಡಿದಳು. ಅವಳ ಬಾಯಿ ಮುಚ್ಚಿಸಬೇಕೆನಿಸಿತು ನನಗೆ.

ಮುದುಕ ಪಕ್ಕದ ಬಾಗಿಲಿನಿಂದ ಹೊರಗೆ ಹೋದ. ತಾಟನ್ನು ಅಲ್ಲೇ ಯಾರದೋ ಮಡಿಲಿಗಿಟ್ಟು ಹಿಂದೆಯೇ ಹೋದೆ. ಕಾರಿನ ಬಾಗಿಲಿಗೆ ಒರಗಿ ನಿಂತಿದ್ದ. ಎಷ್ಟು ಸಲ ಇಟ್ಟರೂ ಕೀಲಿ ತೂತಿಗೆ ಹೋಗುತ್ತಿರಲಿಲ್ಲ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈದರೆ ಬೈಸಿಕೊಳ್ಳೋಣ ಎಂದೂ ತಯಾರಾಗಿದ್ದೆ. ಅವನು ಬೈಯಲಿಲ್ಲ.

"ನೀ ಹತ್ರ ಇದ್ದಿ," ಎಂದ. "ಅವನ ಮಾರಿ ನೋಡಿದಿ. ಸುಳ್ಳು ಹೇಳಿದ, ಹೌದಲ್ಲ?"

ನಾನು ನೋಡಿದ್ದೆ. ಆ ಮುಖದಲ್ಲಿ ಕಳ್ಳತನ ಇರಲಿಲ್ಲ, ವೈರ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಅವನಿಗೆ ಮರೆತು ಹೋಗಿತ್ತು, ಅಷ್ಟೇ. ಈ ಮುದುಕ ಇಷ್ಟು ವರ್ಷ ಯಾರ ಜೊತೆ ಒಳಗೊಳಗೇ ಜಗಳ ಆಡಿಕೊಂಡು ಬಂದಿದ್ದನೋ ಅವನಿಗೆ ಜಗಳವಿದೆ ಎಂಬುದೇ ಗೊತ್ತಿರಲಿಲ್ಲ. ಸುಳ್ಳು ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ. ಆ ಬೆಳಿಗ್ಗೆ ರಾಗ ಎಲ್ಲಿಂದ ಬಂತೆಂದು ಬಲ್ಲವನು ಇನ್ನೊಬ್ಬ ಇದ್ದಾನೆ ಎಂದಾದರೂ ಆಗುತ್ತಿತ್ತು. ಮರೆತಿದ್ದರೆ ಯಾರೂ ಇಲ್ಲ. ನನಗೆ ಆ ಕೋಟಿನವನ ಮೇಲೆ, ಒಳಗೆ ಹಾಡುತ್ತಿದ್ದ ನಮ್ಮ ಜನದ ಮೇಲೆ, ನನ್ನ ಗಂಡನ ಒಳ್ಳೆಯತನದ ಮೇಲೆ ಹೇಳಲಾರದಷ್ಟು ಸಿಟ್ಟು ಬಂತು. ಮುದುಕ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಹೌದು," ಎಂದೆ. "ಅಪ್ಪಟ ಸುಳ್ಳ. ಅವಂಗ ಎಲ್ಲಾ ನೆನಪೈತಿ. ನಿಮ್ಮ ಮಾರಿ ನೋಡಿ ಹೇಳಾಕ ಧೈರ್ಯ ಇಲ್ಲ, ಅದಕ್ಕ ಹಂಗ ನಕ್ಕ. ಹುಟ್ಟಾ ಕಳ್ಳ ಅವ."

ಒಳಗೆ ಹಾಡು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಮುದುಕನ ಬೆನ್ನು ನೆಟ್ಟಗಾಯಿತು, ಮುಖಕ್ಕೆ ಬಣ್ಣ ಬಂತು, ಕೀಲಿ ಒಂದೇ ಸಲಕ್ಕೆ ಒಳಗೆ ಹೋಯಿತು.

"ನನಗ ಗೊತ್ತಿತ್ತು," ಎಂದ. "ಸಾಯೂತನಕ ಬಿಡಂಗಿಲ್ಲ ನಾ ಅವನ್ನ."