ಬುಟ್ಟಿಯಕ್ಕ ಹಿಂದಿರುಗಿಸಿದ ಮರಳು

ನಮ್ಮೂರಿಗೆ ಬಂದವರೆಲ್ಲ ಮೊದಲು ಹೊಗಳುವುದು ಗಾಳಿಯನ್ನು. ಬಸ್ಸಿನಿಂದ ಇಳಿದವರೇ ಕಡಲಿನತ್ತ ಮುಖ ಮಾಡಿ, ಕಣ್ಣು ಮುಚ್ಚಿ, "ಆಹಾ, ಏನು ಗಾಳಿ!" ಅನ್ನುತ್ತಾರೆ. ಉದ್ದನೆಯ ದಂಡೆ, ಬಣ್ಣ ಬಳಿದ ದೋಣಿಗಳು, ಹಳೆಯ ದೀಪಸ್ತಂಭ, ಎಲ್ಲದರ ಮುಂದೆಯೂ ಫೋಟೋ ತೆಗೆಸಿಕೊಂಡು ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾರೆ. ಆ ಗಾಳಿ ಹೊತ್ತು ತರುವ ಮರಳಿನ ಜೊತೆ ಸಂಸಾರ ಮಾಡುವವರು ನಾವು. ಹಾಸಿಗೆಯಲ್ಲಿ ಮರಳು, ಊಟದ ತಟ್ಟೆಯಲ್ಲಿ ಮರಳು, ಮಲಗಿದ ಕೂಸಿನ ಕಿವಿಯಲ್ಲೂ ಮರಳು.

ಬೆಳಗಾದರೆ ಎಲ್ಲರೂ ಬಾಗಿಲ ಮುಂದೆ ಗುಡಿಸುತ್ತಾರೆ. ಗುಡಿಸಿ ಏನು ಮಾಡುತ್ತಾರೆ? ಪಕ್ಕದ ಮನೆಯ ಕಡೆ ತಳ್ಳಿ ಕೈತೊಳೆದುಕೊಳ್ಳುತ್ತಾರೆ. ಪಕ್ಕದವರು ಅವರ ಪಕ್ಕದವರ ಕಡೆಗೆ. ಬೀದಿ ಇಳಿಜಾರಿನದು, ಮರಳು ಹಾಗೇ ದಾಟುತ್ತ ದಾಟುತ್ತ ಕೊನೆಗೆ ಬಸ್ಸು ತಿರುಗುವ ಜಾಗದಲ್ಲಿ ಬಂದು ಗುಡ್ಡೆಯಾಗುತ್ತದೆ. ಅದರಾಚೆಗೆ ಕಡಲು. ಅಲ್ಲಿಯವರೆಗೆ ಬಂದ ಮರಳನ್ನು ಇನ್ನೊಂದು ಚೂರು ಮುಂದೆ ದಾಟಿಸಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ದಾಟಿಸುತ್ತಿದ್ದವಳು ಒಬ್ಬಳೇ. ಬಸ್ಸು ತಿರುಗುವಲ್ಲಿ ಅವಳದೊಂದು ಹೊಲಿಗೆ ಅಂಗಡಿ, ಹಿಂದೆಯೇ ಮನೆ. ಮಿಷನ್ನಿನ ಮುಸುಕು ತೆಗೆಯುವ ಮೊದಲು ಬುಟ್ಟಿ ತುಂಬಿ ತುಂಬಿ ಮರಳನ್ನು ದಂಡೆಗೆ ಸುರಿದು ಬರುತ್ತಿದ್ದಳು. ಹಾಗಾಗಿ ಊರಿಗೆಲ್ಲ ಅವಳು ಬುಟ್ಟಿಯಕ್ಕ. ಗಂಡ ತೀರಿಕೊಂಡಿದ್ದ. ಇದ್ದ ಒಬ್ಬಳೇ ಮಗಳಿಗೆ ಎಡಗಾಲಿನಲ್ಲಿ ಬಲವಿರಲಿಲ್ಲ. ಕಬ್ಬಿಣದ ಪಟ್ಟಿ ಹಾಕಿದ ಬೂಟು ತೊಟ್ಟು, ಬಸ್ಸು ಹತ್ತಿ, ಗುಡ್ಡದಾಚೆಯ ಹೈಸ್ಕೂಲಿಗೆ ಹೋಗುತ್ತಿದ್ದಳು.

ಗಾಳಿ ಜೋರಾಗಿದ್ದ ಒಂದು ದಿನ, ಅವಳೊಬ್ಬಳ ಬುಟ್ಟಿಗೆ ಮೀರಿದ ಮರಳು ಬಂದು, ಬಸ್ಸಿನ ಚಕ್ರ ಅದರಲ್ಲಿ ಹೂತುಹೋಯಿತು. ಎಲ್ಲರೂ ಸೇರಿ ತಳ್ಳಿ ಎತ್ತಿದ ಮೇಲೆ ಕಂಡಕ್ಟರ್ ಬುಟ್ಟಿಯಕ್ಕನ ಹತ್ತಿರ ಬಂದ.

"ಅಕ್ಕಾ, ಇನ್ಮೇಲೆ ಬಸ್ಸು ಗುಡ್ಡದ ಮೇಲೇ ನಿಲ್ಲುತ್ತೋ ಏನೋ. ಸೋಮವಾರ ಡಿಪೋ ಸಾಹೇಬ್ರು ಬಂದು ನೋಡ್ತಾರಂತೆ. ಬಸ್ಸು ತಿರುಗಿದ್ರೆ ಸರಿ, ಇಲ್ಲಾಂದ್ರೆ ಇಲ್ಲ."

"ನಾನು ಗುಡ್ಡ ಹತ್ತುತ್ತೀನಮ್ಮ," ಅಂದಳು ಮಗಳು. ಹತ್ತುತ್ತಾಳೆ, ಅದು ತಾಯಿಗೆ ಗೊತ್ತಿತ್ತು. ನಾಲ್ಕು ದಿನ ಹಲ್ಲು ಕಚ್ಚಿಕೊಂಡು ಹತ್ತಿ, ಐದನೇ ದಿನ ಶಾಲೆಯೇ ಬೇಡ ಅನ್ನುತ್ತಾಳೆ ಎನ್ನುವುದೂ ಗೊತ್ತಿತ್ತು.

ಬುಟ್ಟಿಯಕ್ಕ ಮನೆಮನೆಗೂ ಹೋಗಿ ಕೇಳಿಕೊಂಡಳು. ಕ್ಷೌರದಂಗಡಿಯವನು, "ಅದು ನಮ್ಮ ಮರಳಲ್ಲಕ್ಕಾ, ಮೇಲಿನ ಮನೆ ಮೇಷ್ಟ್ರದ್ದು," ಅಂದ. ನಿವೃತ್ತ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, "ನಂದೇನಮ್ಮಾ, ಗಾಳಿದು," ಅಂದರು. ಗಾಳಿಯನ್ನು ಕರೆದು ಕೇಳುವ ಹಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಬುಟ್ಟಿ ಹೊತ್ತು ಕಡಲಿಗೆ ಹೋಗಲಿಲ್ಲ. ಏರು ಹತ್ತಿದಳು. ಮೇಷ್ಟ್ರ ಮೆಟ್ಟಿಲ ಮೇಲೆ ಒಂದು ಬುಟ್ಟಿ, ಕ್ಷೌರದಂಗಡಿಯ ಬೆಂಚಿನ ಮೇಲೆ ಒಂದು ಬುಟ್ಟಿ, ಯಾವ ಬಾಗಿಲನ್ನೂ ಬಿಡಲಿಲ್ಲ. ಬೀದಿಗೆ ಬೀದಿಯೇ ಬಾಯಿ ಬಡಿದುಕೊಂಡಿತು. ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಹಾಗೇ ಬಿಟ್ಟು ಕ್ಷೌರದವನು ಓಡಿಬಂದ.

"ತಲೆ ಕೆಟ್ಟಿದೆಯೇನಕ್ಕಾ ನಿನಗೆ?"

"ನಿಮ್ಮದನ್ನ ನಿಮಗೆ ಕೊಟ್ಟೆ ಕಣಪ್ಪಾ. ಎಸೆಯೋದಾದ್ರೆ ಕಡಲಿಗೆ ಎಸೀರಿ. ಪಕ್ಕಕ್ಕೆ ತಳ್ಳಿದ್ರೆ ಸಂಜೆ ಮತ್ತೆ ತಂದುಕೊಡ್ತೀನಿ."

ತಳ್ಳಿದರು. ಸಂಜೆ ಮತ್ತೆ ತಂದು ಸುರಿದಳು. ಅಷ್ಟು ಹೊತ್ತಿಗೆ ಅವಳ ಸೊಂಟ ಬಗ್ಗುತ್ತಿರಲಿಲ್ಲ, ಆದರೂ ಯಾರ ಬೈಗುಳಕ್ಕೂ ಕ್ಯಾರೇ ಅನ್ನಲಿಲ್ಲ. ಮೊದಲು ಸೋತವರು ಮೇಷ್ಟ್ರ ಹೆಂಡತಿ. ಒಂದೇ ಮೆಟ್ಟಿಲನ್ನು ಮೂರನೇ ಸಲ ಗುಡಿಸುವ ಬದಲು, "ಕೊಡ್ರೀ ಆ ಬಕೀಟು!" ಎಂದು ಗಂಡನ ಕೈಯಿಂದ ಕಿತ್ತುಕೊಂಡು ದಂಡೆಯ ದಾರಿ ಹಿಡಿದರು. ಮೇಷ್ಟ್ರು ಇನ್ನೊಂದು ಬಕೀಟು ಹುಡುಕಿಕೊಂಡು ಹಿಂದೆಯೇ ಹೊರಟರು. ಅವರನ್ನು ನೋಡಿ ಕ್ಷೌರದವನು ಗೊಣಗುತ್ತ ಎದ್ದ. ಕತ್ತಲಾಗುವಷ್ಟರಲ್ಲಿ ಬೀದಿಯವರೆಲ್ಲ ಮರಳು ಹೊರುತ್ತಿದ್ದರು.

ಸೋಮವಾರ ಬಸ್ಸು ಸಲೀಸಾಗಿ ತಿರುಗಿತು. ಸಾಹೇಬರು ಇಳಿದು ನೆಲವನ್ನು ಬೂಟಿನಿಂದ ಒದ್ದು ನೋಡಿದರು.

"ಇವತ್ತೇನೋ ಸರಿ. ಗಾಳಿ ಜೋರಾದಾಗ ಏನು ಮಾಡ್ತೀರಿ?"

"ಆಗ ಎಲ್ಲರೂ ದಿನಕ್ಕೆರಡು ಸಲ ಹೊರ್ತೀವಿ ಸಾರ್," ಅಂದಳು ಬುಟ್ಟಿಯಕ್ಕ. ಯಾರನ್ನೂ ಕೇಳದೆ ಇಡೀ ಬೀದಿಯ ಪರವಾಗಿ ಮಾತು ಕೊಟ್ಟಿದ್ದಳು. ಕ್ಷೌರದವನು ಅವಳ ಮುಖ ನೋಡಿ, ತನ್ನ ಬಕೀಟು ಎತ್ತಿಕೊಂಡು ಅಂಗಡಿಗೆ ಹೊರಟ.

ಸಂಜೆಯ ಬಸ್ಸಿನಿಂದ ಮಗಳು ಅಂಗಡಿಯ ಮುಂದೆಯೇ ಇಳಿದಳು. ಮೆಟ್ಟಿಲ ಮೇಲೆ ಕೂತು, ಬೂಟು ಬಿಚ್ಚಿ, ಒಳಗಿನ ಮರಳನ್ನು ಎಂದಿನಂತೆ ಪಕ್ಕಕ್ಕೆ ಸುರಿಯಹೊರಟವಳು ತಡೆದುಕೊಂಡಳು. ಒಂದು ಬಟ್ಟೆ ಚೂರು ಎಳೆದುಕೊಂಡು ಅದರಲ್ಲಿ ಸುರಿದಳು.

"ಕೊಡಿಲ್ಲಿ, ನಾನು ಹಾಕಿ ಬರ್ತೀನಿ," ತಾಯಿ ಎದ್ದಳು.

"ಬೇಡ, ನೀನು ಕೂತ್ಕೋ."

ಮತ್ತೆ ಬೂಟು ಕಟ್ಟಿಕೊಂಡು, ಕಾಲೆಳೆಯುತ್ತ ಒಬ್ಬಳೇ ದಂಡೆಯ ಕಡೆ ಹೊರಟಳು. ಓಡಿಹೋಗಿ ಕೈ ಹಿಡಿಯಲು ತಾಯಿಯ ಜೀವ ಚಡಪಡಿಸಿತು. ಆದರೂ ಮಿಷನ್ನಿನ ಮುಂದೆ ಕೂತೇ ನೋಡಿದಳು. ಮಗಳು ಬಟ್ಟೆ ಕೊಡವಿದಾಗ ಗಾಳಿ ಅರ್ಧ ಮರಳನ್ನು ಅವಳ ಮುಖಕ್ಕೇ ಎರಚಿತು. ಅವಳು ನಗುತ್ತ ಕಣ್ಣೊರೆಸಿಕೊಂಡು, ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಿ, ಮತ್ತೆ ಕೊಡವಿದಳು.