ಯಾವ ಕೈಯಲ್ಲಿತ್ತು ಮಚ್ಚು

ಮುಖವಾಡದ ಕೊಲೆಗಾರ ಪ್ರತಿ ಭಾಗದಲ್ಲೂ ಸತ್ತು, ಮುಂದಿನ ಭಾಗಕ್ಕೆ ಎದ್ದು ಬರುವ ಆ ಇಂಗ್ಲಿಷ್ ಸಿನಿಮಾಗಳನ್ನು ನಾನು, ಅಕ್ಕ ಬಾಡಿಗೆ ಸಿ.ಡಿ. ತಂದು ನೋಡುತ್ತಿದ್ದೆವು. ಅವರೆಕಾಯಿ ಕಾಲದ ಭಾನುವಾರಗಳಲ್ಲಿ, ನೆನೆಸಿದ ಕಾಳು ಹಿತುಕುತ್ತಾ. ಮುಂದೆ ಸಾಯುವವರು ಯಾರೆಂದು ಮೊದಲೇ ಹೇಳಬೇಕು. ಹೇಳಿದ್ದು ನಿಜವಾದರೆ ಒಂದು ಬೇಳೆಯನ್ನು ಎದುರಿನವರ ಮುಖಕ್ಕೆ ಹಾರಿಸಬಹುದು. ಅದು ನಮ್ಮ ಆಟ.

ಈ ಜನವರಿಯಲ್ಲಿ ಭಾವ ಎಲ್ಲ ಭಾಗಗಳನ್ನೂ ಟಿ.ವಿ.ಯಲ್ಲಿ ಹುಡುಕಿಟ್ಟು ನನ್ನನ್ನು ಚಾಮರಾಜಪೇಟೆಯ ಮನೆಗೆ ಕರೆದರು. "ಬಂದ್ಬಿಡು, ತಲೆ ಹಗುರಾಗತ್ತೆ." ಮರುದಿನ ನಾನು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು.

ವೈಯಾಲಿಕಾವಲ್‌ನಲ್ಲಿ, ನಮ್ಮ ರಸ್ತೆಯ ತಿರುವಿನಲ್ಲಿ, ಇಸ್ತ್ರಿ ಗಾಡಿಯ ಹೆಂಗಸನ್ನು ಅವಳ ಗಂಡ ಮಚ್ಚಿನಿಂದ ಹೊಡೆದದ್ದನ್ನು ನಾನು ನೋಡಿದ್ದೆ. ಬೆಳಗಿನ ಹೊತ್ತು. ನನ್ನ ಕೈಯಲ್ಲಿ ಎರಡು ಸೀರೆ. ಮೊದಲ ಏಟು ಗಾಡಿಯ ಅಂಚಿಗೆ ಬಿತ್ತು, ಎರಡನೆಯದು ಅವಳ ಎಡ ಮುಂಗೈಗೆ. ಸಿನಿಮಾದಲ್ಲಿ ಚಾಕು ಹೊರಗೆ ತೆಗೆದರೂ ಠಣ್ ಎನ್ನುತ್ತದೆ. ಇಲ್ಲಿ ಆ ಎರಡನೆಯ ಏಟಿಗೆ ಸದ್ದೇ ಇರಲಿಲ್ಲ. ಅವಳು ಬಲಗೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲಿಂದ ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಕುಸಿದಳು.

ಅವಳು ಬದುಕಿಕೊಂಡು ಮತ್ತೆ ಗಾಡಿಗೆ ಬಂದಿದ್ದಾಳೆ. ಗಂಡ ಈಗ ಜಾಮೀನಿನ ಮೇಲೆ ಹೊರಗಿದ್ದಾನೆ. ದಿನಾ ಗಾಡಿಯ ಎದುರಿನ ಟೀ ಅಂಗಡಿಯ ಹತ್ತಿರ ಬಂದು ನಿಲ್ಲುತ್ತಾನೆ. ಏನೂ ಮಾಡುವುದಿಲ್ಲ. ನಿಲ್ಲುತ್ತಾನೆ.

ಎರಡನೆಯ ಭಾಗ ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ. ಮೊದಲ ಭಾಗದಲ್ಲಿ ಬದುಕುಳಿದ ಒಬ್ಬಳೇ ಹುಡುಗಿ, ಪೊಲೀಸರಿಗೆ ಎಲ್ಲ ಹೇಳಿದವಳು, ಸತ್ತಳು.

"ಹೇಳಿದ್ನಲ್ಲ, ಹೋದ್ಸಲ ಉಳಿದೋಳು ಈ ಸಲ ಔಟ್!" ಭಾವ ಹಾರಿಸಿದ ಬೇಳೆ ನನ್ನ ಕೆನ್ನೆಗೆ ಬಡಿಯಿತು. "ಅಷ್ಟು ಸಲ ನೋಡಿದೀಯ, ಮರ್ತೋಯ್ತಾ?"

ಅಕ್ಕ ನಕ್ಕಳು. ಹಿಂದೆ ಇದೇ ದೃಶ್ಯಕ್ಕೆ ನಾನೂ ನಕ್ಕಿದ್ದೆ. ಆ ಹುಡುಗಿಗೆ ಮುಂದೆ ಕೆಲಸವಿಲ್ಲ, ಕೊಲೆಗಾರನಿಗೆ ಇನ್ನೂ ಆರು ಭಾಗಗಳಿವೆ. ಇದನ್ನು ಬರೆದವರ ಮೇಲೂ, ಆಗೆಲ್ಲ ನಗುತ್ತಾ ಬೇಳೆ ಹಾರಿಸುತ್ತಿದ್ದ ನನ್ನ ಮೇಲೂ ನನಗೆ ಮೈಯುರಿಯುವಷ್ಟು ಕೋಪ ಬಂತು. ಕೆನ್ನೆ ಒರೆಸಿಕೊಂಡೆ.

ಮೂರನೆಯ ಭಾಗದ ನಡುವೆ ಭಾವ ಚಿತ್ರ ನಿಲ್ಲಿಸಿದರು. "ನೋಡು ನೋಡು! ಈಗ ತಾನೇ ಚಾಕು ಬಲಗೈಲಿತ್ತು, ಎಡಗೈಗೆ ಬಂದ್ಬಿಟ್ಟಿದೆ. ಥೂ, ಇಷ್ಟೂ ನೋಡ್ಕೊಳಲ್ವಾ ಇವ್ರು?" ಅದೇ ಉಸಿರಿನಲ್ಲಿ ಮುಂದುವರಿಸಿದರು. "ನಾಳೆ ನೀನು, ದೂರದಲ್ಲಿದ್ದೆ, ಸರಿಯಾಗಿ ಕಾಣಿಸ್ಲಿಲ್ಲ ಅಂದ್ಬಿಡು. ಊರ ಉಸಾಬರಿ ನಮಗ್ಯಾಕೆ? ಅವನೂ ಅದೇ ರಸ್ತೇಲಿ ಓಡಾಡೋನು."

ಅಕ್ಕ ಕಾಳಿನಿಂದ ಕಣ್ಣೆತ್ತಲಿಲ್ಲ. "ಹೂಂ ಅನ್ನೇ."

"ಬಲಗೈಲಿತ್ತು, ಭಾವ."

"ಏನು?"

"ಮಚ್ಚು. ಕೊನೇವರೆಗೂ ಬಲಗೈಲೇ ಇತ್ತು. ಸಿನಿಮಾದೋನು ತಪ್ಪಿದ್ರೆ ಬೈತೀರಿ, ನಾನು ಬೇಕಂತಲೇ ತಪ್ಪಬೇಕಾ?"

ನಾನು ಕೈ ತೊಳೆದುಕೊಂಡು ಹೊರಟೆ.

ಬೆಳಕಿರುವಾಗಲೇ ನಮ್ಮ ರಸ್ತೆಗೆ ಬಂದೆ. ಅವತ್ತು ನಾನು ನಿಂತಿದ್ದ ಲೈಟು ಕಂಬದಿಂದ ಗಾಡಿಯವರೆಗೆ ಹೆಜ್ಜೆ ಎಣಿಸುತ್ತಾ ನಡೆದೆ. ಹತ್ತೊಂಬತ್ತು.

"ಏನಾದ್ರೂ ಬೀಳಿಸ್ಕೊಂಡ್ರಾ ಅಕ್ಕಾ?" ಎಂದಳು ಗಾಡಿಯ ಹಿಂದಿದ್ದ ಇಸ್ತ್ರಿಯವಳು. ಎಡಗೈಯ ಬೆರಳುಗಳು ಮಡಿಸಿದಂತೆಯೇ ಇದ್ದವು.

"ಇಲ್ಲಮ್ಮ, ನಾಳೆ ಕೋರ್ಟಲ್ಲಿ ಕೇಳ್ತಾರಲ್ಲ, ಎಷ್ಟು ದೂರ ಅಂತ ಅಳೀತಿದೀನಿ."

ಟೀ ಅಂಗಡಿಯಿಂದ ಅವನು ನನ್ನನ್ನೇ ನೋಡುತ್ತಿದ್ದ. ಎಣಿಕೆ ತಪ್ಪಿರಬಹುದು ಅನ್ನಿಸಿತು. ಕಂಬದವರೆಗೆ ಹಿಂದಕ್ಕೆ ಹೋಗಿ, ಇನ್ನೊಮ್ಮೆ ಎಣಿಸಿದೆ.